ಬೆಂಗ್ರೆಯ ಪಿಕಪ್‌ಗೆ ಹತ್ತು ತಿಂಗಳ ವರ್ಷ

ಕಸಬಾ ಬೆಂಗ್ರೆಯ ಹೊಳೆ ದಂಡೆಯಲ್ಲಿ ನಿಂತರೆ ಎದುರಿಗೇ ಮಂಗಳೂರಿನ ದಕ್ಕೆ ಕಾಣುತ್ತದೆ. ಫೆರಿ ಹತ್ತಿದರೆ ಕೆಲವೇ ನಿಮಿಷದ ದಾರಿ. ಗಾಡಿಗೆ ಮಾತ್ರ ಆ ದಾರಿ ಇಲ್ಲ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಗುರುಪುರ ಹೊಳೆ, ದಕ್ಷಿಣದ ತುದಿಯಲ್ಲಿ ಅಳಿವೆ ಬಾಗಿಲು. ಪಿಕಪ್ ಏನಿದ್ದರೂ ಉತ್ತರಕ್ಕೇ ಹೊರಡಬೇಕು. ತಣ್ಣೀರುಬಾವಿ ದಾಟಿ, ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ಕೂಳೂರು ಸೇತುವೆ, ಕೊಟ್ಟಾರ ಚೌಕಿ ಸುತ್ತಿ ಬಂದರಿಗೆ ಇಳಿಯುವಷ್ಟರಲ್ಲಿ ಹತ್ತು ಕಿಲೋಮೀಟರ್ ಮೀರಿರುತ್ತದೆ. ಬೆಂಗ್ರೆಯಲ್ಲಿ ಪಿಕಪ್ ಇಟ್ಟು ಬಾಡಿಗೆ ಓಡಿಸಬೇಕೆನ್ನುವವರ ಮೊದಲ ಲೆಕ್ಕ ಇಲ್ಲಿಂದ ಶುರು.

ಡೀಸೆಲ್ ಲೀಟರಿಗೆ 90 ರೂಪಾಯಿ, ಗಾಡಿ ಕೊಡುವುದು 12 ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ ಏಳೂವರೆ ರೂಪಾಯಿ. ಬರೀ ಹತ್ತು ಕಿಲೋಮೀಟರ್ ಎಂದುಕೊಂಡರೂ ಖಾಲಿ ಗಾಡಿಯ ಹೋಗಿ ಬರುವ ಖರ್ಚು 150. ತಿಂಗಳಲ್ಲಿ 25 ದಿನ ಕೆಲಸವಿದ್ದರೆ ಒಂದು ಪೈಸೆ ಬಾಡಿಗೆಯೂ ಹುಟ್ಟದ ಓಡಾಟಕ್ಕೇ 3,750 ರೂಪಾಯಿ ಹೋಗುತ್ತದೆ. ಈ ಅಂಕಣಕಾರ್ತಿಯ ಮನೆಯಲ್ಲಿ ಒಂದು ಪಿಕಪ್ ಇದೆ. ಓಡಿಸುವುದು ಅಣ್ಣ, ಲೆಕ್ಕ ಬರೆಯುವುದು ತಂಗಿ. ಅಣ್ಣ ಗಾಡಿಯನ್ನು ಬಂದರಿನ ಬದಿಯಲ್ಲೇ ಪರಿಚಯದವರ ಅಂಗಳದಲ್ಲಿ ಬಾಡಿಗೆಗೆ ನಿಲ್ಲಿಸಿ, ತಾನು ಫೆರಿಯಲ್ಲಿ ಮನೆಗೆ ಬರುತ್ತಾನೆ. ಫೆರಿ ಶುರುವಾಗುವ ಮೊದಲೇ ಲೋಡು ಇದ್ದರೆ ಹಿಂದಿನ ರಾತ್ರಿ ಗಾಡಿಯಲ್ಲೇ ಮಲಗುತ್ತಾನೆ. ಅಂಗಳದ ಬಾಡಿಗೆ ಡೀಸೆಲ್ ಖರ್ಚಿಗಿಂತ ಎಷ್ಟೋ ಕಡಿಮೆ.

ಎರಡನೇ ಲೆಕ್ಕ ಕ್ಯಾಲೆಂಡರಿನದ್ದು. ಇದನ್ನು ಸರಿಯಾಗಿ ಹಿಡಿದವರ ಗಾಡಿ ಉಳಿಯುತ್ತದೆ ಎಂದು ಈ ಅಂಕಣಕಾರ್ತಿ ಖಂಡಿತವಾಗಿ ಹೇಳುತ್ತಾಳೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಲ್ಲುತ್ತವೆ. ನಾಡದೋಣಿಗಳು ಇಳಿಯುತ್ತವೆ, ಆದರೆ ಅವು ತರುವ ಮೀನು ಅಷ್ಟೂ ಪಿಕಪ್‌ಗಳ ಹೊಟ್ಟೆ ತುಂಬಿಸದು. ಐಸ್ ಸಾಗಾಟವಿಲ್ಲ, ಬೂತಾಯಿ ಬಂಗುಡೆಯ ಬಾಕ್ಸ್ ಇಲ್ಲ. ಮೀನು ಇಲ್ಲದಿದ್ದರೆ ಶಾಮಿಯಾನ, ಕುರ್ಚಿ, ಜನರೇಟರ್ ಹೇರಿದರಾಯಿತು ಎನ್ನೋಣ ಎಂದರೆ ಅದಕ್ಕೂ ತುಳುನಾಡಿನಲ್ಲಿ ಗಡಿ ಉಂಟು. ಮೇ ಕೊನೆಯ ವಾರಕ್ಕೆ ಪತ್ತನಾಜೆ. ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ಅಲ್ಲಿಗೆ ಮುಗಿಯುತ್ತದೆ. ಬೆನ್ನಿಗೇ ಮಳೆ ಹಿಡಿದು ಮನೆ ಕಟ್ಟುವ ಕೆಲಸವೂ ನಿಧಾನವಾಗುತ್ತದೆ, ಕೆಂಪುಕಲ್ಲು ಮರಳಿನ ಲೋಡು ಇಳಿಯುತ್ತದೆ. ಒಂದು ಕೆಲಸ ನಿಂತಾಗ ಇನ್ನೊಂದು ಕೈ ಹಿಡಿಯಲಿ ಎಂದು ಕಾಯುವಂತಿಲ್ಲ, ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ.

ಸಾಲದ ಕಂತು ನಿಲ್ಲುವುದಿಲ್ಲ.

ಏಳು ಲಕ್ಷ ಸಾಲ, ಶೇ 11 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 15,200 ರೂಪಾಯಿ. ವರ್ಷಕ್ಕೆ 1,82,400. ಇದನ್ನು ಹನ್ನೆರಡರಿಂದ ಭಾಗಿಸಿ ತೋರಿಸುವುದು ಶೋರೂಮಿನವರ ಲೆಕ್ಕ. ಬೆಂಗ್ರೆಯ ಗಾಡಿಗೆ ಹತ್ತರಿಂದ ಭಾಗಿಸಬೇಕು: 18,240. ಆಗಸ್ಟ್‌ನಿಂದ ಮೇವರೆಗೆ ಪ್ರತಿ ತಿಂಗಳೂ ಆ ಹೆಚ್ಚಿನ 3,040 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿಟ್ಟರೆ ಜೂನ್, ಜುಲೈ ಕಂತು ಕಟ್ಟಲು ಯಾರ ಬಳಿಯೂ ಕೈ ಚಾಚಬೇಕಿಲ್ಲ. ಇನ್ಶೂರೆನ್ಸ್, ಎಫ್‌ಸಿ, ಟಯರುಗಳಿಗೂ ಇದೇ ಲೆಕ್ಕ. ತಿಂಗಳಿಗೆ ಹತ್ತು ಸಾವಿರ ಉಳಿಯುತ್ತದೆ ಎನ್ನುವವರು ಯಾವ ತಿಂಗಳ ಮಾತು ಹೇಳುತ್ತಿದ್ದಾರೆ ಎಂದು ಮೊದಲು ಕೇಳಬೇಕು. ಅಕ್ಟೋಬರಿನದ್ದಾದರೆ ಅದು ಅರ್ಧ ಮಾತು.

ಮಳೆಗಾಲದ ಅನ್ನ ಎಲ್ಲಿದೆ? ಮಂಗಳೂರಿನ ತರಕಾರಿ ಸಗಟು ವ್ಯಾಪಾರ 2020ರ ಏಪ್ರಿಲ್‌ನಲ್ಲಿ ಸೆಂಟ್ರಲ್ ಮಾರ್ಕೆಟ್ಟಿನಿಂದ ಬೈಕಂಪಾಡಿ ಎಪಿಎಂಸಿ ಯಾರ್ಡಿಗೆ ಹೋಯಿತು. ಬೆಂಗ್ರೆಯವರಿಗೆ ಹೊಳೆ ದಾಟದೆಯೇ ಸಿಗುವ ಜಾಗ ಅದು, ಪಣಂಬೂರಿನ ಆಚೆಗೇ. ತರಕಾರಿಗೆ ಮಳೆಯ ರಜೆ ಇಲ್ಲ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿಗೂ ಇಲ್ಲ. ಆದರೆ ಜೂನ್ ಒಂದರಂದು ಹೋಗಿ ನಿಂತರೆ ಯಾರೂ ಲೋಡು ಕೊಡುವುದಿಲ್ಲ. ಅಣ್ಣ ದಸರಾ ಕಳೆದ ಮೇಲೆ, ಮೀನಿನ ಕೆಲಸ ಜೋರಾಗಿರುವಾಗಲೂ, ವಾರಕ್ಕೆ ಒಂದೆರಡು ದಿನ ತರಕಾರಿ ಲೋಡು ಬಿಡದೆ ಹಿಡಿಯುತ್ತಾನೆ. “ಆ ದಿನ ಮೀನಿಗೆ ಹೋದರೆ ಜಾಸ್ತಿ ಸಿಗುತ್ತದಲ್ಲ ಅಣ್ಣ” ಎಂದರೆ “ಇದು ಜೂನ್ ತಿಂಗಳಿಗೆ ಮಾರಾಯ್ತಿ, ನೀನು ಬರ್ಕೊ” ಎನ್ನುತ್ತಾನೆ. ಲೆಕ್ಕಪುಸ್ತಕದಲ್ಲಿ ಆ ಸಾಲುಗಳು ಬೇರೆ ಶಾಯಿಯಲ್ಲಿವೆ.

ಗಾಡಿ ಯಾವುದು ಎಂಬ ಪ್ರಶ್ನೆಗೆ ಹೆಚ್ಚಿನವರು ಎಂಜಿನ್ನು, ಮೈಲೇಜು ಎಂದು ಹೊರಡುತ್ತಾರೆ. ಮೊದಲು ನೋಡಬೇಕಾದದ್ದು ಆರ್‌ಸಿಯಲ್ಲಿ ಬರೆದ ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿದ ತೂಕ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಅದು 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಮೀರಿದರೆ ಬೇಕು, ತಲಪಾಡಿ ದಾಟಿ ಕಾಸರಗೋಡಿಗೆ ಮೀನು ಒಯ್ಯುವುದಾದರೆ ರಾಜ್ಯದೊಳಗಿನ ಪರ್ಮಿಟ್ ಸಾಲುವುದಿಲ್ಲ. ಒಂದೇ ಕಂಪನಿಯ, ಒಂದೇ ಹೆಸರಿನ ಪಿಕಪ್‌ನಲ್ಲೂ ಮಾದರಿಯಿಂದ ಮಾದರಿಗೆ ಈ ತೂಕ ಬೇರೆ. ಬರೆದ ತೂಕ ಮೀರಿ ಹೇರಿದರೆ 194ನೇ ಕಲಂನಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಐಸ್ ತುಂಬಿದ ಬಾಕ್ಸುಗಳ ತೂಕವನ್ನು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಗಾಡಿ ತಪ್ಪಲ್ಲ. ಆದರೆ ಕರಾವಳಿಯ ಗಾಡಿಯನ್ನು ಮೇಲಿನಿಂದ ನೋಡಿ ಕೊಳ್ಳಬಾರದು. ಮೀನಿನ ಬಾಕ್ಸಿನಿಂದ ಇಳಿಯುವ ಉಪ್ಪುನೀರು ಹಿಂಬದಿಯ ತಗಡಿನ ಜೋಡಣೆಗಳಲ್ಲಿ ನುಗ್ಗಿ, ಚಾಸಿಯ ಮೇಲ್ಮೈಯಲ್ಲಿ ನಿಂತು, ಸ್ಪ್ರಿಂಗ್ ಪ್ಲೇಟುಗಳ ನಡುವೆ ಸೇರಿಕೊಳ್ಳುತ್ತದೆ. ಹೊಸ ಬಣ್ಣ ಬಳಿದ ಗಾಡಿಯ ಅಡಿಗೆ ಟಾರ್ಚ್ ಹಿಡಿದು ಹೋಗಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಬಣ್ಣದ ಹಿಂದೆ ಕಬ್ಬಿಣದ ಬದಲು ಹುಡಿ ಸಿಗುವುದುಂಟು. ಮನೆಯ ಗಾಡಿಯಲ್ಲಿ ಬಾಕ್ಸುಗಳ ಅಡಿಗೆ ದಪ್ಪ ರಬ್ಬರ್ ಹಾಸು ಇದೆ, ನೀರು ಒಟ್ಟಾಗಿ ಇಳಿಯಲು ಪೈಪು ಮತ್ತು ಟ್ಯಾಂಕ್ ಇದೆ. ರಸ್ತೆಗೆ ಮೀನಿನ ನೀರು ಚೆಲ್ಲಿದರೆ ಪೊಲೀಸರು ಬಿಡುವುದಿಲ್ಲ, ಹಿಂದೆ ಬರುವ ಬೈಕಿನವರು ಜಾರಿ ಬೀಳುತ್ತಾರೆ. ಕೊನೆಯ ಟ್ರಿಪ್ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯದೆ ಗಾಡಿ ನಿಲ್ಲಿಸುವ ರೂಢಿಯಿಲ್ಲ.

ಲೈಸೆನ್ಸಿನ ಗೊಂದಲ ಈಗ ಮುಗಿದಿದೆ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಇನ್ಶೂರೆನ್ಸಿನ ಬಗ್ಗೆ ಸ್ವಲ್ಪ ನಿಧಾನವಾಗಿ ಓದಬೇಕು. 2022ರ ಜೂನ್‌ನಲ್ಲಿ ಬಂದ ದರದಂತೆ 7,500 ಕೆ.ಜಿ.ವರೆಗಿನ ಸರಕು ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ 16,049 ರೂಪಾಯಿ, ಜಿಎಸ್‌ಟಿ ಬೇರೆ. ಇಷ್ಟು ಕಟ್ಟಿದ ಮೇಲೂ ಹಿಂದೆ ಕುಳಿತವರೆಲ್ಲರಿಗೂ ರಕ್ಷಣೆ ಸಿಗುವುದಿಲ್ಲ. ಸರಕಿನ ಮಾಲೀಕರು ಅಥವಾ ಅವರು ಕಳಿಸಿದ ಪ್ರತಿನಿಧಿ ಜೊತೆಗಿದ್ದರೆ ಕಾನೂನು ಒಪ್ಪುತ್ತದೆ. ದಿಬ್ಬಣಕ್ಕೆಂದು ನೆಂಟರಿಷ್ಟರನ್ನು ಹತ್ತಿಸಿಕೊಂಡು ಅಪಘಾತವಾದರೆ ಪರಿಹಾರದ ಹೊರೆ ಗಾಡಿಯ ಮಾಲೀಕರ ತಲೆಗೇ ಬರುತ್ತದೆ. ಲೋಡು ಇಳಿಸುವ ಹುಡುಗರು ದಿನಾ ಜೊತೆಗೆ ಬರುವುದಾದರೆ ಅವರಿಗಾಗಿ ಬೇರೆ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಬೇಕು. ಆ ಮೊತ್ತ ಸಣ್ಣದು. ಅದನ್ನು ಉಳಿಸಲು ಹೋಗಿ ಹತ್ತೊಂಬತ್ತು ಇಪ್ಪತ್ತರ ಹುಡುಗರ ಕೈಕಾಲಿನ ಜೊತೆ ಆಟವಾಡಬಾರದು.

ಸಾಲಕ್ಕೆ ಮುದ್ರಾ ಯೋಜನೆ ಇದೆ. ಐದು ಲಕ್ಷದವರೆಗೆ ಕಿಶೋರ್, ಹತ್ತು ಲಕ್ಷದವರೆಗೆ ತರುಣ್, ಮನೆ ಜಾಗ ಅಡವಿಡಬೇಕಿಲ್ಲ. ಬ್ಯಾಂಕಿನವರು ಕೇಳುವುದು ಆದಾಯದ ದಾಖಲೆ, ಹೊಸಬರಲ್ಲಿ ಇಲ್ಲದಿರುವುದೂ ಅದೇ. 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಂ ತಂದ ಅಂದಾಜು ಆದಾಯದ ವ್ಯವಸ್ಥೆ ಇಲ್ಲಿ ನೆರವಿಗೆ ಬರುತ್ತದೆ. ಪಿಕಪ್‌ನಂಥ ಗಾಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯ, ನಿಜವಾಗಿ ಗಳಿಸಿದ್ದು ಜಾಸ್ತಿ ಎಂದು ತೋರಿಸುವುದಾದರೆ ಅಷ್ಟು. ಗಾಡಿ ಕೈಯಲ್ಲಿರುವ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ, ಬೋಟು ನಿಂತ ಜೂನ್ ಜುಲೈ ಕೂಡ. ವರ್ಷಕ್ಕೆ 90,000. ಬೇರೆ ಆದಾಯವಿಲ್ಲದವರಿಗೆ ತೆರಿಗೆ ಬೀಳುವುದಿಲ್ಲ, ಆದರೂ ರಿಟರ್ನ್ ಸಲ್ಲಿಸಿಡಬೇಕು. ಅಣ್ಣನ ಕಡತದಲ್ಲಿ ಮೊದಲ ವರ್ಷದಿಂದಲೂ ಆ ಕಾಗದಗಳಿವೆ. ಎರಡನೇ ಗಾಡಿ ತೆಗೆದು ಚಿಕ್ಕಪ್ಪನ ಮಗನಿಗೆ ಓಡಿಸಲು ಕೊಡುವ ಮಾತು ಮನೆಯಲ್ಲಿ ನಡೆಯುತ್ತಿದೆ. ಅದು ದಕ್ಕೆಗಲ್ಲ, ಬೈಕಂಪಾಡಿಗೆ.