ರೇಷ್ಮೆಯ ಎಳೆ ಹಿಡಿದು ಚೀನಾದ ಕರಕುಶಲ ಪರಂಪರೆಯ ಬೋಧನೆ

ಹಿನ್ನೆಲೆ

ಚೀನಾದ ಪ್ರಾಚೀನ ನಾಗರಿಕತೆಯನ್ನು ಬೋಧಿಸುವಾಗ ಅಲ್ಲಿಯ ಕರಕುಶಲ ಕಲೆಗಳು ಬಹುಮಟ್ಟಿಗೆ ಒಂದು ಪಟ್ಟಿಯಾಗಿ ಮುಗಿದುಹೋಗುತ್ತವೆ. ರೇಷ್ಮೆ, ಕಾಗದ, ಪಿಂಗಾಣಿ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ವಸ್ತುಗಳ ಹಿಂದಿರುವ ದುಡಿಮೆಯಾಗಲಿ, ಅವು ನಮ್ಮವರೆಗೆ ಬಂದ ದಾರಿಯಾಗಲಿ ಅವರ ಅರಿವಿಗೆ ಬರುವುದಿಲ್ಲ. ಜೂಜುವಾಡಿ ಮತ್ತು ಹೊಸೂರಿನ ಸುತ್ತಲಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಈ ಕೊರತೆಯನ್ನು ನೀಗಿಸಿಕೊಳ್ಳುವ ಅನುಕೂಲವಿದೆ. ಕೃಷ್ಣಗಿರಿ ಜಿಲ್ಲೆ ರೇಷ್ಮೆ ಬೆಳೆಯುವ ಸೀಮೆ. ಹಿಪ್ಪುನೇರಳೆ ತೋಟವನ್ನೂ ಹುಳುಮನೆಯನ್ನೂ ಕಂಡ ಮಕ್ಕಳು ನಮ್ಮ ತರಗತಿಗಳಲ್ಲಿ ಇರಬಹುದು. ಅವರಿಗೆ ಗೊತ್ತಿರುವುದರಿಂದಲೇ ಪಾಠವನ್ನು ಆರಂಭಿಸುವುದು ಉಚಿತ.

ವಿಷಯ ವಿವರಣೆ

ರೇಷ್ಮೆಯನ್ನು ಕುರಿತು ಚೀನೀಯರಲ್ಲಿ ಪ್ರಸಿದ್ಧವಾದ ಕಥೆಯೊಂದಿದೆ. ಹಳದಿ ಸಮ್ರಾಟನ ರಾಣಿ ಲೇಯ್‌ಝು ಚಹಾ ಸೇವಿಸುತ್ತಿದ್ದಾಗ ಬಟ್ಟಲಿಗೆ ಗೂಡೊಂದು ಬಿದ್ದು, ಬಿಸಿಗೆ ಅದರ ಎಳೆ ಬಿಚ್ಚಿಕೊಂಡಿತಂತೆ. ಇದು ಐತಿಹ್ಯ. ಝೆಜಿಯಾಂಗ್ ಪ್ರಾಂತದ ಚಿಯಾನ್‌ಶಾನ್‌ಯಾಂಗ್ ಎಂಬಲ್ಲಿ ದೊರೆತಿರುವ, ನಾಲ್ಕು ಸಾವಿರ ವರ್ಷಗಳಿಗೂ ಹಳೆಯದಾದ ರೇಷ್ಮೆಯ ತುಣುಕುಗಳು ಪುರಾವೆ. ‘ಹೀಗೆ ಹೇಳುತ್ತಾರೆ’ ಎಂಬುದಕ್ಕೂ ‘ಇದು ದೊರೆತಿದೆ’ ಎಂಬುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದು ತಕ್ಕ ಸಂದರ್ಭ.

1972ರಲ್ಲಿ ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ದುಯ್‌ನಲ್ಲಿ ಹಾನ್ ವಂಶದ ಕಾಲದ ಶ್ರೀಮಂತ ಮಹಿಳೆಯೊಬ್ಬಳ ಸಮಾಧಿಯನ್ನು ಉತ್ಖನನ ಮಾಡಲಾಯಿತು. ಸುಮಾರು 2,100 ವರ್ಷಗಳಷ್ಟು ಹಳೆಯದಾದ ಅದರಲ್ಲಿ ದೊರೆತ ಉದ್ದತೋಳಿನ ಒಂದು ರೇಷ್ಮೆ ನಿಲುವಂಗಿಯ ತೂಕ ಕೇವಲ 49 ಗ್ರಾಂ; ಅಂದರೆ ಸುಮಾರು ಒಂದು ಕೋಳಿಮೊಟ್ಟೆಯ ತೂಕ. ಅಷ್ಟು ನವಿರಾದ ಬಟ್ಟೆಗೆ ನೇಕಾರನ ಕೈಚಳಕವೊಂದೇ ಸಾಲದು. ಹುಳು ಸಾಕಿದವರ ಎಚ್ಚರವೂ, ನೂಲು ಬಿಚ್ಚಿದವರ ತಾಳ್ಮೆಯೂ ಬೇಕು.

ಈ ಕೆಲಸದ ಹಂತಗಳು ಅಲ್ಲಿಯೂ ಇಲ್ಲಿಯೂ ಒಂದೇ. ಹುಳು ನಾಲ್ಕು ಬಾರಿ ಪೊರೆ ಕಳಚಿ, ಸುಮಾರು ನಾಲ್ಕು ವಾರಗಳಲ್ಲಿ ಹಣ್ಣಾಗಿ ಗೂಡು ಕಟ್ಟುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಹಾಕಿದಾಗ ಎಳೆಗಳನ್ನು ಹಿಡಿದಿಟ್ಟ ಅಂಟು ಮೆತ್ತಗಾಗುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರಿಂದ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ದೊರೆಯುತ್ತದೆ. ಪೊರೆ ಕಳಚುವ ಮುನ್ನ ಹುಳು ಸೊಪ್ಪು ಬಿಟ್ಟು ಅಲುಗಾಡದೆ ಇರುವ ಸ್ಥಿತಿಯನ್ನು ಚೀನೀಯರು ‘ನಿದ್ದೆ’ ಎಂದು ಕರೆದರು. ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಹುಳುಗಳ ಪಕ್ಕದಲ್ಲೇ ಬಾಳಿದ ಜನ ಮಾತ್ರ ಇಂತಹ ಪದಗಳನ್ನು ಕಟ್ಟಬಲ್ಲರು.

ರೇಷ್ಮೆ ಬಂದ ದಾರಿ

ಕಾಡಿನ ಹುಳುಗಳ ರೇಷ್ಮೆ ಭಾರತಕ್ಕೆ ಬಹು ಹಿಂದಿನಿಂದಲೂ ಪರಿಚಿತ. ಅದರ ಜೊತೆಗೆ ಚೀನಾದ ಬಟ್ಟೆಯೂ ಇಲ್ಲಿಗೆ ಬರುತ್ತಿತ್ತೆಂಬುದಕ್ಕೆ ಅರ್ಥಶಾಸ್ತ್ರದ ‘ಚೀನಪಟ್ಟ’, ಕಾಳಿದಾಸನ ಶಾಕುಂತಲದ ‘ಚೀನಾಂಶುಕ’ ಎಂಬ ಪದಗಳೇ ಸಾಕ್ಷಿ. ಹಿಪ್ಪುನೇರಳೆ ರೇಷ್ಮೆಯ ಕೃಷಿ ಮೈಸೂರು ಸೀಮೆಯಲ್ಲಿ ಬೇರೂರಿದ್ದು 18ನೆಯ ಶತಮಾನದ ಕೊನೆಯ ಭಾಗದಲ್ಲಿ. ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನೂ ಸಾಕುವ ವಿದ್ಯೆಯನ್ನೂ ತರಿಸಿ ಉತ್ತೇಜನ ನೀಡಿದನು. ಹೊಸೂರು ಸೀಮೆಯೂ ಆಗ ಮೈಸೂರಿನ ಆಳ್ವಿಕೆಯಲ್ಲಿತ್ತು. ಮುಂದೆ ಜೆಮ್‌ಷೆಟ್‌ಜಿ ಟಾಟಾ ಅವರು ಜಪಾನಿನ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವೊಂದನ್ನು ಸ್ಥಾಪಿಸಿದರು. 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ಇಂದು ಹೊಸೂರಿನಲ್ಲಿಯೇ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವಿದೆ. ಹಿಪ್ಪುನೇರಳೆ ಮತ್ತು ರೇಷ್ಮೆಹುಳುವಿನ ದೇಶವಿದೇಶಗಳ ತಳಿಗಳನ್ನು, ಚೀನಾ ಮೂಲದವುಗಳನ್ನೂ ಒಳಗೊಂಡಂತೆ, ಅಲ್ಲಿ ಕಾಪಾಡಲಾಗುತ್ತಿದೆ.

ಉಳಿದ ಕಲೆಗಳನ್ನೂ ಇದೇ ಬಗೆಯಲ್ಲಿ, ಕಚ್ಚಾವಸ್ತು, ವಿಧಾನ, ಬಂದ ದಾರಿ ಎಂಬ ಮೂರು ಅಂಶಗಳಿಂದ ವಿವರಿಸಬಹುದು. ಕ್ರಿ.ಶ. 105ರ ಸುಮಾರಿಗೆ ಆಸ್ಥಾನದ ಅಧಿಕಾರಿ ಚಾಯ್ ಲುನ್ ಮರದ ತೊಗಟೆ, ಸೆಣಬು, ಹಳೆಯ ಬಟ್ಟೆ, ಮೀನುಬಲೆಗಳಿಂದ ಕಾಗದ ಮಾಡುವ ವಿಧಾನವನ್ನು ಉತ್ತಮಪಡಿಸಿದನು. ‘ಕಾಗದ’ ಎಂಬ ಪದ ಪಾರಸಿಯ ಮೂಲಕ ನಮಗೆ ಬಂದಿದೆ. ಜಿಂಗ್‌ದೆಝೆನ್ ಪಟ್ಟಣದ ಪಿಂಗಾಣಿಯನ್ನು ಬಿಳಿಜೇಡಿಯಿಂದ ರೂಪಿಸಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. 14ನೆಯ ಶತಮಾನದ ನೀಲಿ-ಬಿಳಿ ಪಾತ್ರೆಗಳಿಗೆ ಬೇಕಾದ ಕೋಬಾಲ್ಟ್ ಪರ್ಷಿಯಾದ ಕಡೆಯಿಂದ ಬರುತ್ತಿತ್ತು. ಅರಗಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗು ಕೀಟದಿಂದ ದೊರೆಯುವಂಥದು, ಚೀನಾದ ಹೊಳಪಿನ ಪಾತ್ರೆಗಳ ಲೇಪ ಒಂದು ಮರದ ರಸ. ನೋಡಲು ಒಂದೇ ಬಗೆಯಾಗಿದ್ದರೂ ಇವು ಬೇರೆ ಬೇರೆ ಕಲೆಗಳು.

ಚಟುವಟಿಕೆಗಳು

1. ತಕ್ಕಡಿಯಲ್ಲಿ ಒಂದು ಕೋಳಿಮೊಟ್ಟೆಯನ್ನೂ ಒಂದು ಅಂಗಿಯನ್ನೂ ಬೇರೆಬೇರೆಯಾಗಿ ತೂಗಿಸಿ, ಮಾವಾಂಗ್‌ದುಯ್ ನಿಲುವಂಗಿಯ ತೂಕದೊಡನೆ ಹೋಲಿಸಿರಿ.

2. ಚಿಟ್ಟೆ ಕೊರೆದು ಹೊರಬಂದ ಗೂಡನ್ನೂ ಇಡಿಯಾದ ಗೂಡನ್ನೂ ತೋರಿಸಿ, ಮೊದಲನೆಯದರಿಂದ ಅಖಂಡ ಎಳೆ ಏಕೆ ದೊರೆಯದೆಂದು ಕೇಳಿರಿ. ಬಿಸಿನೀರಿನ ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು.

3. ಚಾಕಿ, ಜ್ವರ, ಹಣ್ಣು ಹುಳು, ಚಂದ್ರಿಕೆ, ಗೂಡು ಮೊದಲಾದ ಪದಗಳನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದು ತರಲಿ. ಕನ್ನಡ, ತಮಿಳು, ತೆಲುಗು ಪದಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿರಿ.

ಮೂರನೆಯ ಚಟುವಟಿಕೆಗೆ ಹೆಚ್ಚಿನ ಸಮಯ ನೀಡುವುದು ಒಳಿತು. ಜೂಜುವಾಡಿಯಂತಹ ಹೆದ್ದಾರಿಯ ಊರುಗಳ ಸುತ್ತ ಹೊಲಗಳು ಕಾರ್ಖಾನೆ, ಬಡಾವಣೆಗಳಾಗುತ್ತಿವೆ. ಕಸುಬು ನಿಂತ ಮನೆಯಲ್ಲಿ ಕಸುಬಿನ ಪದಗಳು ಒಂದೇ ತಲೆಮಾರಿನಲ್ಲಿ ಮರೆತುಹೋಗಬಲ್ಲವು. ಈ ಪದಗಳು ಪಠ್ಯಪುಸ್ತಕದಲ್ಲಿ ಕಾಣಸಿಗುವುದು ವಿರಳ. ಅಜ್ಜಿ ಹೇಳಿ ಮೊಮ್ಮಗಳು ಬರೆದರೆ ಮಾತ್ರ ಉಳಿಯುತ್ತವೆ. ತನ್ನ ಮನೆಯ ಮಾತು ಕಪ್ಪುಹಲಗೆಯ ಮೇಲೆ ಮೂಡಿದ್ದನ್ನು ಕಂಡ ಮಗುವಿಗೆ, ಕನ್ನಡವೂ ಜ್ಞಾನದ ಭಾಷೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಮೌಲ್ಯಮಾಪನ

1. ರೇಷ್ಮೆಯ ಉಗಮದ ಬಗೆಗಿನ ಐತಿಹ್ಯ ಯಾವುದು? ಪುರಾವೆ ಯಾವುದು?

2. ‘ಚೀನಾಂಶುಕ’ ಎಂಬ ಪದದಿಂದ ನಾವು ಏನನ್ನು ಊಹಿಸಬಹುದು?

3. ಚನ್ನಪಟ್ಟಣದ ಅರಗಿಗೂ ಚೀನಾದ ಲೇಪಕ್ಕೂ ಇರುವ ವ್ಯತ್ಯಾಸವೇನು?

4. ನಿಮ್ಮ ಊರಿನ ಯಾವುದಾದರೊಂದು ಕಸುಬಿನ ಐದು ಪದಗಳನ್ನು ಬರೆದು, ಅವುಗಳನ್ನು ಯಾರಿಂದ ಕಲಿತಿರೆಂದು ತಿಳಿಸಿರಿ.