ಗೆಳೆಯರ ನುಡಿ ಮತ್ತು ಕುಡಿತ

ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಲಿಂಗವಂತ ಗೃಹಸ್ಥರಿಗೆ ಮದ್ಯವು ಆಚಾರಕ್ಕೆ ಹೊರಗಾದುದು. ಆದರೂ ಕೊಡಗಿನ ಮದುವೆ, ಹುತ್ತರಿ, ಕೈಲ್ ಮುಹೂರ್ತಗಳಲ್ಲಿ ಮದ್ಯವನ್ನಿತ್ತು ಅತಿಥಿಯನ್ನು ಸತ್ಕರಿಸುವುದು ಅನೇಕ ನೆರೆಮನೆಗಳ ರೂಢಿಯಾದುದರಿಂದ, ಒಂದು ಲೋಟದಿಂದ ಮೊದಲಾದುದು ನಿತ್ಯದ ಚಾಳಿಯಾಗುವುದುಂಟು. ಕುಡಿದವನನ್ನು ಯಾರೂ ಬೆರಗಿನಿಂದ ನೋಡದ ಇಂತಹ ನಾಡಿನಲ್ಲಿ ಗೆಳೆಯನೊಬ್ಬನು "ಈಚೆಗೆ ನಿನ್ನದು ಸ್ವಲ್ಪ ಹೆಚ್ಚಾಯಿತಣ್ಣ" ಎಂದನಾದರೆ ಆ ಮಾತಿಗೆ ವಿಶೇಷ ತೂಕವುಂಟು. ಕುಡಿಯದವನು ಹೇಳಿದರೆ ಮಡಿವಂತಿಕೆಯೆಂದು ತಳ್ಳಿಬಿಡಬಹುದು. ಜೊತೆಯಲ್ಲಿ ಕುಳಿತು ಕುಡಿಯುವವನೇ ಹೇಳಿದರೆ ಏನೆನ್ನುವುದು?

"ನೀನೇನು ಕಡಿಮೆಯೆ?" ಎಂಬುದೇ ಸಾಮಾನ್ಯವಾಗಿ ಬರುವ ಉತ್ತರ. ಇದು ಆಡಿದವನನ್ನು ತೂಗುತ್ತದೆಯೇ ಹೊರತು ಆಡಿದ ಮಾತನ್ನಲ್ಲ. ಮೇಲಾಗಿ ಆ ಸಿಟ್ಟೇ ಒಂದು ಲಕ್ಷಣ. ಅಮೆರಿಕದ ವೈದ್ಯ ಜಾನ್ ಈವಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳು ಇಂದಿಗೂ ವೈದ್ಯರ ಬಳಕೆಯಲ್ಲಿವೆ: ಕುಡಿತವನ್ನು ತಗ್ಗಿಸಬೇಕೆನ್ನಿಸಿತೆ? ಇತರರು ಆಕ್ಷೇಪಿಸಿದಾಗ ಸಿಟ್ಟು ಬಂದಿತೆ? ಕುಡಿದುದಕ್ಕೆ ತಪ್ಪಿತಸ್ಥನೆಂಬ ಭಾವ ಮೂಡಿತೆ? ಬೆಳಗೆದ್ದೊಡನೆ ಕುಡಿಯಬೇಕಾಯಿತೆ? ಎರಡಕ್ಕೆ ಹೌದೆಂದರೆ ವಿಚಾರಣೆ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿಯ ಕೊನೆಯದೂ ಬಂಧು, ಮಿತ್ರ ಅಥವಾ ವೈದ್ಯರು ಕಳವಳ ತೋರಿದರೆ ಎಂಬುದೇ. ಮಿತ್ರನ ಮಾತನ್ನು ವೈದ್ಯಶಾಸ್ತ್ರವೂ ಸಾಕ್ಷ್ಯವೆಂದೇ ಎಣಿಸಿದೆ.

ಎಲ್ಲ ಮಾತೂ ಒಂದೇ ಅಲ್ಲ ನಿಜ. ಪಂಕ್ತಿಯಲ್ಲಿ ನಗೆಗಾಗಿ ಆಡಿದುದುಂಟು, ಹಳೆಯ ಮುನಿಸಿನಿಂದ ಆಡಿದುದೂ ಉಂಟು. ಆದರೆ ಅದೇ ನಗೆಮಾತು ಮೂವರ ಬಾಯಲ್ಲಿ ಬಂದಿತೆ? ಗೊತ್ತಾದ ಒಂದು ಸಂಗತಿಯನ್ನು ಹಿಡಿದು ಬಂದಿತೆ? ನಿನ್ನೆ ಆಡಿದ ಮಾತು ಇಂದು ನೆನಪಿಲ್ಲವೆಂದೋ, ಕಾಫಿ ಕೊಯ್ಲಿನ ದಿನ ತೋಟಕ್ಕೆ ಬರಲಿಲ್ಲವೆಂದೋ, ಕುಡಿದು ಘಾಟಿಯಲ್ಲಿ ಜೀಪು ನಡೆಸಿದನೆಂದೋ ಹೇಳಿದರೆ ಅದು ಹಾಸ್ಯವಲ್ಲ. ಆಗ ವಾದಕ್ಕಿಳಿಯದೆ "ಏನನ್ನು ಕಂಡೆ, ಹೇಳು" ಎಂದು ಕೇಳಿ ಸುಮ್ಮನೆ ಕುಳಿತಿರುವುದು ಕಷ್ಟ, ಆದರೆ ಉಪಯುಕ್ತ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮರಳಿ ಸುರಿದು ಬಾರೆಂದು ಹೇಳಿದವಳು ಸತಿ ಲಕ್ಕಮ್ಮ. ಮಾರಯ್ಯನು ಹೇಳಿದವಳಾರೆಂದು ವಿಚಾರಿಸಲಿಲ್ಲ, ಅಕ್ಕಿಯನ್ನು ಹಿಂದಿರುಗಿಸಿದನು. ಮನೆಯವರ ಮಾತನ್ನು ಕೇಳುವ ಈ ಬಗೆ ಗೆಳೆಯರ ಮಾತಿಗೂ ಸಲ್ಲುತ್ತದೆ.

ಬಹುಕಾಲ ಹೆಚ್ಚಾಗಿ ಕುಡಿದವರು, ಬೆಳಗ್ಗೆ ಕೈ ನಡುಗುವವರು, ಆವೇಶದಿಂದ ಆಣೆಯಿಟ್ಟು ಒಮ್ಮೆಲೆ ನಿಲ್ಲಿಸಬಾರದು. ಸೆಳವು, ಬುದ್ಧಿಭ್ರಮಣೆಗಳು ಉಂಟಾಗಿ ಪ್ರಾಣಕ್ಕೆ ಅಪಾಯವಾದೀತು. ಮಡಿಕೇರಿಯ ಆಸ್ಪತ್ರೆಯಲ್ಲಾಗಲಿ, ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿರುವ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ವೈದ್ಯರನ್ನು ಮೊದಲು ಕಾಣಬೇಕು. ಆ ಮಾತನ್ನಾಡಿದ ಗೆಳೆಯನನ್ನೇ ಜೊತೆಗೆ ಕರೆದರೆ ಅವನು ಬಾರದಿರಲಾರನು.