ಹಳೆಯ ಪಾಲುದಾರ

ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾಯಿತು. ಆ ದಿನಗಳಲ್ಲಿ ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದವರಲ್ಲಿ ಮಕ್ಕಾದ ವ್ಯಾಪಾರಿ ಸಾಇಬ್(ರ) ಕೂಡಾ ಒಬ್ಬರು. ಜೊತೆಯಲ್ಲಿದ್ದವರು ಅವರ ಗುಣಗಳನ್ನು ಹೊಗಳತೊಡಗಿದಾಗ ಪ್ರವಾದಿವರ್ಯರು(ಸ), ಇವರನ್ನು ನಿಮಗಿಂತ ಚೆನ್ನಾಗಿ ನಾನು ಬಲ್ಲೆ ಎಂದರು. ಸಾಇಬ್(ರ) ಹೌದೆಂದರು. ತಾವು ನನ್ನ ಪಾಲುದಾರರಾಗಿದ್ದಿರಿ, ಎಂಥ ಒಳ್ಳೆಯ ಪಾಲುದಾರರು, ತಕರಾರು ಮಾಡಿದವರಲ್ಲ, ಜಗಳವಾಡಿದವರಲ್ಲ ಎಂಬರ್ಥದ ಮಾತನ್ನಾಡಿದರು. (ಅಬೂದಾವೂದ್)

ಆ ಪಾಲುದಾರಿಕೆ ಪ್ರವಾದಿತ್ವಕ್ಕಿಂತ ಮುಂಚಿನದು. ನಡುವೆ 20ಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಬಹಿಷ್ಕಾರ, ಹಿಜ್ರತ್, ಬದ್ರ್, ಉಹುದ್ ಎಲ್ಲವೂ ನಡೆದುಹೋಗಿದ್ದವು. ಒಬ್ಬರು ಈಗ ವಿಜಯಿಯಾಗಿ ನಗರ ಪ್ರವೇಶಿಸಿದವರು, ಇನ್ನೊಬ್ಬರು ಸೋತ ಊರಿನವರು. ಆದರೂ ಹಳೆಯ ಪರಿಚಯವನ್ನು ಪ್ರವಾದಿವರ್ಯರು(ಸ) ಮರೆಮಾಚಲಿಲ್ಲ, ತಾವೇ ಮೊದಲು ನೆನಪಿಸಿದರು. ಸಾಇಬರ ನೆನಪಿನಲ್ಲಿ ಉಳಿದದ್ದಾದರೂ ಏನು? ಲಾಭದ ಲೆಕ್ಕವಲ್ಲ, ಜೊತೆಗಾರನ ನಡತೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಕೊಲ್ಲಿ ರಾಷ್ಟ್ರಗಳ ದುಡಿಮೆಯ ಪರಿಚಯವಿದೆ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಿಂದ ಉಂಡವರಲ್ಲಿ ಒಬ್ಬನು ಮೇಲ್ವಿಚಾರಕನಾಗುತ್ತಾನೆ, ಇನ್ನೊಬ್ಬನು ಬರಿಗೈಯಲ್ಲಿ ಊರಿಗೆ ಮರಳುತ್ತಾನೆ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ಪೆರ್ನಾಲಿಗೊಂದು, ಕೊನೆಗೆ ಅದೂ ಇಲ್ಲ. ಒಡನಾಟ ಕಡಿಮೆಯಾಗುವುದು ಪಾಪವೇನಲ್ಲ, ಕೆಲಸ ಬದಲಾದರೆ ಅದು ಸಹಜ. ಆದರೆ ವೀಸಾ ಕೊಡಿಸಿದವನು ಮದುವೆ ಮನೆಯಲ್ಲಿ ಎದುರಾದಾಗ ಮುಖ ತಿರುಗಿಸುವುದನ್ನೂ ಸಹಜವೆನ್ನೋಣವೇ?

ವಿಶ್ವಾಸದ ಕಾರಣಕ್ಕೆ ಮುರಿದ ವ್ಯವಹಾರವೂ ಮಕ್ಕಾದಲ್ಲಿತ್ತು. ಕಮ್ಮಾರರಾಗಿದ್ದ ಖಬ್ಬಾಬ್(ರ) ತಮ್ಮ ಗಿರಾಕಿ ಆಸ್ ಬಿನ್ ವಾಇಲ್‌ನಲ್ಲಿ ಬಾಕಿ ಕೇಳಲು ಹೋದರು. ಮುಹಮ್ಮದರನ್ನು(ಸ) ನಿರಾಕರಿಸಿದರೆ ಮಾತ್ರ ಕೊಡುವೆನೆಂದು ಅವನು ಹೇಳಿದ. ನೀನು ಸತ್ತು ಮರಳಿ ಎಬ್ಬಿಸಲ್ಪಡುವ ತನಕವೂ ಅದು ಸಾಧ್ಯವಿಲ್ಲವೆಂದರು ಖಬ್ಬಾಬ್(ರ). ಹಾಗಾದರೆ ಅಂದೇ ತೀರಿಸುತ್ತೇನೆ, ಆಗಲೂ ನನಗೆ ಸಂಪತ್ತಿರುತ್ತದೆ ಎಂದು ಅವನು ಅಪಹಾಸ್ಯ ಮಾಡಿದ. ಸೂರಃ ಮರ್ಯಮ್‌ನ 77ರಿಂದ 80ರ ವರೆಗಿನ ಸೂಕ್ತಗಳು ಇವನ ಕುರಿತು ಅವತೀರ್ಣವಾದವು. ಒಬ್ಬ ಕಮ್ಮಾರನ ಕೂಲಿಯ ವಿಷಯ ಕುರ್‌ಆನಿನಲ್ಲಿ ಸ್ಥಾನ ಪಡೆಯಿತು!

ಪಾಲುದಾರರಲ್ಲಿ ಹಲವರು ಪರಸ್ಪರ ಅನ್ಯಾಯವೆಸಗುತ್ತಾರೆಂದು ಸೂರಃ ಸ್ವಾದ್‌ನ 24ನೇ ಸೂಕ್ತದಲ್ಲಿದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆಜ್ಞೆ ಅಲ್‌ಬಕರಃದ 282ನೇ ಸೂಕ್ತದಲ್ಲಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಅದು. ನಮ್ಮವರು ಮಾತ್ರ, ಅಣ್ಣತಮ್ಮಂದಿರ ನಡುವೆ ಕಾಗದವೇಕೆ ಎನ್ನುತ್ತಾರೆ. ಹತ್ತು ವರ್ಷಗಳ ಬಳಿಕ ಅಂಗಡಿ ಪಾಲಾಗುವಾಗ ಇಬ್ಬರ ನೆನಪೂ ಬೇರೆ ಬೇರೆ. ಆಗ ಹೋಗುವುದು ಅಂಗಡಿ ಮಾತ್ರವಲ್ಲ, ಮಕ್ಕಳ ನಡುವಿನ ಸಲಾಮ್ ಕೂಡಾ.

ಕೆಲಸ ಬಿಟ್ಟ ಮೇಲೆ ಹಳೆಯ ಧಣಿಯ ಗುಟ್ಟನ್ನು ಚಹಾದಂಗಡಿಯಲ್ಲಿ ಹರಡುವವರಿದ್ದಾರೆ. ಒಬ್ಬನು ಮಾತನಾಡಿ ಅತ್ತಿತ್ತ ನೋಡಿದರೆ ಆ ಮಾತು ಅಮಾನತ್ ಎಂದು ಹದೀಸಿನಲ್ಲಿದೆ. (ಅಬೂದಾವೂದ್) ಸಂಬಳ ನಿಂತ ದಿನ ಅಮಾನತ್ ಕೊನೆಗೊಳ್ಳುತ್ತದೆಂದು ಅದರಲ್ಲಿ ಎಲ್ಲೂ ಇಲ್ಲ.

ಹಝ್ರತ್ ಖದೀಜಾ(ರ) ಮೊದಲು ಪ್ರವಾದಿವರ್ಯರಿಗೆ(ಸ) ಸರಕು ಒಪ್ಪಿಸಿ ಸಿರಿಯಾಕ್ಕೆ ಕಳುಹಿಸಿದವರು. ಪತ್ನಿಯಾದದ್ದು ಆ ಬಳಿಕ. ಅವರ ಮರಣಾನಂತರ ಆಡು ಕೊಯ್ದಾಗಲೆಲ್ಲ ಪ್ರವಾದಿವರ್ಯರು(ಸ) ಖದೀಜಾರ ಗೆಳತಿಯರಿಗೆ ಮಾಂಸ ಕಳುಹಿಸುತ್ತಿದ್ದರು. ತಾನು ಕಂಡೇ ಇರದ ಖದೀಜಾರ ಮೇಲೆ ಪಟ್ಟಷ್ಟು ಮತ್ಸರವನ್ನು ಪ್ರವಾದಿಯ(ಸ) ಬೇರಾವ ಪತ್ನಿಯ ಮೇಲೂ ಪಟ್ಟಿಲ್ಲವೆಂದು ಹಝ್ರತ್ ಆಯಿಶಾ(ರ) ಹೇಳಿದ್ದು ಇದನ್ನೆಲ್ಲ ಕಂಡೇ. (ಬುಖಾರಿ)